ದಪ್ಪ ವಾಯರ್

ನಮ್ಮನಿಯವರು ಮೋಟರ್ ಸೈಕಲ್ ತಂದ ದಿನಾನಽ ನಾ ಕೇಳಿದ್ದೆ, "ಇದೇನ್ರಿ, ಗಾಡೀನೋ ಮುದಿ ಎಮ್ಮೀನೋ?" ಯುದ್ಧದಾಗ ಸಿಪಾಯಿಗೋಳು ಓಡಿಸಿ ಬಿಟ್ಟ ಗಾಡಿ ಅದು. ಅರವತ್ತರ ದಶಕ ಅರ್ಧಾ ಕಳದಿತ್ತು, ಆದ್ರೂ ಅದರ ಉಸರು ಹೋಗಿದ್ದಿಲ್ಲ. ನಿಂತಲ್ಲೆ ಎಣ್ಣಿ ಸೋರತಿತ್ತು, ಒದ್ದರ ಕೆಮ್ಮತಿತ್ತು. ನಮ್ಮ ಮನಿ ಹುಬ್ಬಳ್ಳಿ ವಿದ್ಯಾನಗರದಾಗ, ಅವರು ಡ್ರಾಯಿಂಗ್ ಮಾಸ್ತರ್ ಇದ್ದ ಸಾಲಿ ಧಾರವಾಡದಾಗ. ಬಸ್ಸಿಗೆ ಹೋಗ್ರಿ ಅಂದ್ರ ಕೇಳಬೇಕಲ್ಲ! "ಬಸ್ಸಿನ್ಯಾಗ ಮಂದಿ ಬೆನ್ನು ಕಾಣತೇತಿ, ಗಾಡೀ ಮ್ಯಾಲ ಆಕಾಶ ಕಾಣತೇತಿ" ಅಂತಿದ್ರು. ಆಕಾಶ ನೋಡಾವ್ರು ಅವರು, ಅಂಗೀಗೆ ಹತ್ತಿದ ಎಣ್ಣಿ ತೊಳ್ಯಾಕಿ ನಾನು.

ಒಂದು ಮಳಿಗಾಲ ಮುಗಿಯೋ ಹೊತ್ತಿಗೆ, ಸಂಜೀಕ ಸಾಲಿಯಿಂದ ಬಂದವರು ಗಾಡಿ ನಿಲ್ಲಿಸಿ, ಹ್ಯಾಂಡಲ್ ನೋಡ್ಕೋತ "ಹಿಡೀವಲ್ದು" ಅಂದ್ರು. ಅಷ್ಟಽ ಅಂದ್ರು. ಬ್ರೇಕ್ ಹಿಡೀವಲ್ದು ಅಂತ ನಾ ತಿಳಕೊಂಡೆ. ಕಾಲಿನ ಬ್ರೇಕ್ ಮದಲಽ ಹೆಸರಿಗಷ್ಟ ಇತ್ತು, ಗಾಡಿ ನಿಲ್ಲೋದೆಲ್ಲಾ ಬಲಗೈ ಕಡೆ ಇದ್ದ ಮುಂದಿನ ಬ್ರೇಕಿನ ಮ್ಯಾಲ. ಧಾರವಾಡದ ಹಾದ್ಯಾಗಿನ ನವಲೂರ ಇಳಕಲಿನ್ಯಾಗ ಅದು ಹಿಡೀಲಿಲ್ಲ, ಎದರಿಗೆ ಲಾರಿ ಬಂತು ಅಂದ್ರ ಮುಗೀತಲ್ಲ ಕತಿ!

"ಮದಲ ಮಿಸ್ತ್ರಿ ಕಡೆ ಹೋಗ್ರಿ, ಆಮ್ಯಾಲ ಚಹಾ" ಅಂದೆ. ಮಿಸ್ತ್ರಿ ಬ್ರೇಕಿನ ವಾಯರ್ ಬಿಚ್ಚಿ, "ಹಳೇದಾಗೇತ್ರಿ ಮಾಸ್ತರ್, ಸವದೇತಿ" ಅಂತ ಹೊಸಾದು ಹಾಕಿಕೊಟ್ಟ. ಸ್ವಲ್ಪ ದಿನಾ ಕಳದ್ವು, ಮತ್ತ ಅದಽ ಮಾತು: ಹಿಡೀವಲ್ದು. ನನಗ ಸಿಟ್ಟು ನೆತ್ತಿಗೇರಿತು. ಸೆರಗು ಸಿಗಿಸಿಕೊಂಡು ನಾನಽ ಹೋದೆ. "ಏನಪಾ, ಇಷ್ಟು ಸಣ್ಣ ವಾಯರಿನ್ಯಾಗ ಏನ್ ನಿಲ್ಲತೇತಿ? ನಮ್ಮನಿ ಅರಬಿ ಒಣಹಾಕೋ ತಂತೀನಽ ಇದಕಿಂತ ಗಟ್ಟಿ ಐತಿ" ಅಂತ ಝಾಡಿಸಿದೆ. ಪಾಪ, ಅಂವ ಎಲ್ಲೆಲ್ಲೋ ಹುಡುಕಿ ಲಾರಿಗೆ ಹಾಕೋ ದಪ್ಪ ವಾಯರ್ ತಂದು, ಅದಕ್ಕ ತಕ್ಕ ಹೊಸಾ ಕವಚ ಹಾಕಿ, ಎರಡೂ ತುದಿಗೆ ಬೆಸಿಗಿ ಹಾಕಿ ಕೂಡಿಸಿದ. "ಇನ್ನ ಆನಿ ಹಿಡದು ನಿಲ್ಲಸತೇತ್ರಿ ಅಕ್ಕಾರ" ಅಂದ.

ಆಗಿಂದಽ ನಮ್ಮವರು, "ರೊಟ್ಟಿ ಹಾಲಾಗ ಮುರದು ಹಾಕಿ ಕೊಡು, ಹಲ್ಲು ನೂಸಾಕತ್ತೇತಿ" ಅನ್ನಾಕ ಚಾಲೂ ಮಾಡಿದ್ರು. "ಇಷ್ಟ ಲಗೂ ಮುದುಕರಾದ್ರೆಲ್ಲ!" ಅಂತ ಚಾಷ್ಟಿ ಮಾಡಿದೆ. ನಕ್ಕರು. ಚಮಚಾದಿಂದ ತಿಂದ್ರು.

ಒಂದು ರವಿವಾರ ನಮ್ಮ ಅಕ್ಕನ ಮನಿಗೆ ಅಂತ ಧಾರವಾಡಕ್ಕ ಹೊಂಟ್ವಿ. ನಾ ಹಿಂದ ಕುಂತಿದ್ದೆ. ನವಲೂರ ಇಳಕಲಿನ್ಯಾಗ ಪೇರಲ ಹಣ್ಣಿನ ಚಕ್ಕಡಿ ಅಡ್ಡ ಬಂತು. "ನಿಲ್ಲಸ್ರಿ! ಏ, ನಿಲ್ಲಸ್ರಿ!" ಅಂತ ಹೊಯ್ಕೊಂಡೆ. ಗಾಡಿ ನಿಲ್ಲಲಿಲ್ಲ. ಚಕ್ಕಡಿಗೆ ಸವರಿ, ಪೇರಲ ಬುಟ್ಟಿ ಉರುಳಿಸಿ, ರಸ್ತಾ ಬಿಟ್ಟು ಗಟಾರದಾಗ ಹೋಗಿ ಬಿತ್ತು. ದೇವರು ದೊಡ್ಡಾಂವ, ಮೊಣಕಾಲು ಕೆತ್ತಿದ್ದು ಬಿಟ್ರ ಇಬ್ಬರಿಗೂ ಏನೂ ಆಗಲಿಲ್ಲ. "ಆ ಮಿಸ್ತ್ರಿ ಬಾಯಾಗ ಮಣ್ಣ ಬೀಳಲಿ!" ಅಂತ ಬೈಕೋತನಽ ಎದ್ದೆ.

ಚಕ್ಕಡಿ ಹೊಡ್ಯಾಂವ ಭಾಳ ಛಲೋ ಮನಶಾ. ತನ್ನ ಹಣ್ಣು ಬಿಟ್ಟು ಗಾಡಿ ಎತ್ತಾಕ ಬಂದ. ಅಂವ ಹಿಂದಿಂದ ದೂಡಿದ, ನಾ ಹ್ಯಾಂಡಲ್ ಹಿಡಕೊಂಡೆ. ಗಟಾರ ಹತ್ತಿ ರಸ್ತೇಕ ಬಂದದ್ದಽ ತಡ, ಗಾಡಿ ಇಳಕಲಿಗೆ ಉರುಳಾಕ ಹತ್ತಿತು. ಗಾಬರ್ಯಾಗಿ ಬಲಗೈಗೆ ಸಿಕ್ಕಿದ್ದನ್ನ ಗಟ್ಟಿ ಹಿಡದೆ. ಗಾಡಿ ಗಪ್ಪನ ನಿಂತು ಬಿಟ್ಟತು.

"ಬ್ರೇಕ್ ಭಾರೀ ಐತೆಲ್ರಿ ಅಕ್ಕಾರ" ಅಂದ ಅಂವ.

ಬಿಟ್ಟೆ, ಉರುಳಿತು. ಹಿಡದೆ, ನಿಂತತು. ಮತ್ತ ನೋಡಿದೆ, ಮತ್ತ ನಿಂತತು. ರೊಟ್ಟಿ ಬಡ್ಯೋ ಕೈ ನಂದು, ಗಾಮಾ ಪೈಲವಾನನ ಕೈ ಅಲ್ಲ. ಹೊಳ್ಳಿ ನೋಡಿದ್ರ ನಮ್ಮವರು ಕಲ್ಲಿನ ಮ್ಯಾಲ ಕುಂತು, ಎಡಗೈಲೆ ಬಲಗೈ ಮುಚಗೊಂಡಿದ್ರು. ಆಗ ನನಗ ಎಲ್ಲಾ ತಿಳೀತು. ಹಲ್ಲೂ ತಿಳೀತು, ಹಾಲಾಗಿನ ರೊಟ್ಟೀನೂ ತಿಳೀತು.

"ಎಷ್ಟು ದಿನಾ ಆತ್ರಿ?" ಅಂದೆ.

"ಆತು. ಬೆರಳು ಜುಮು ಜುಮು ಅಂತಿದ್ವು, ಈಗ ಅದೂ ಇಲ್ಲ. ಆಕ್ಸಿಲೇಟರ್ ತಿರವಾಕ ಅಂಗೈ ಸಾಕು. ಬ್ರೇಕ್ ಹಿಡ್ಯಾಕ ಬೆರಳು ಬೇಕಲ್ಲ. ನೀ ದಪ್ಪ ವಾಯರ್ ಹಾಕಿಸಿದಿ, ಅದು ಮತ್ತೂ ಬಿಗಿ ಆತು."

"ನನ್ನ ಹಿಂದ ಕುಂಡ್ರಿಸಿಕೊಂಡು ಹೊಂಟಿದ್ರೆಲ್ರಿ! ಬ್ರೇಕ್ ಬ್ರೇಕ್ ಅಂತ ಸುಳ್ಳು ಹೇಳಿ..."

"ನಾ ಯಾವತ್ತರೆ ಬ್ರೇಕ್ ಅಂದೇನೇನು?"

ಖರೇನಽ ಅಂದಿದ್ದಿಲ್ಲ. ಹಿಡೀವಲ್ದು ಅಂದಿದ್ರು. ಏನು ಹಿಡೀವಲ್ದು ಅಂತ ನಾ ಕೇಳಿದ್ದಿಲ್ಲ, ಮಿಸ್ತ್ರೀನೂ ಕೇಳಿದ್ದಿಲ್ಲ. ಎತ್ತು ಈದೇತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ ಎಲ್ಲಾರೂ ಕೂಡಿ ಗಾಡೀಗೆ ಔಷಧ ಮಾಡಿದ್ವಿ.

"ಹೇಳಾಕೇನಾಗಿತ್ತು ನಿಮಗ?" ಅಂತ ಚೀರಿದೆ. ಚಕ್ಕಡಿಯಾಂವ ಪೇರಲ ಆರಿಸೋದು ಬಿಟ್ಟು ನೋಡಿದ.

"ಬ್ರೇಕ್ ಹೋತು ಅಂದ್ರ ಮಿಸ್ತ್ರಿ ಅದಾನ. ಕೈ ಹೋತು ಅಂದ್ರ ಡ್ರಾಯಿಂಗ್ ಮಾಸ್ತರ್ ಎಲ್ಲಿರತಾನ?" ಅಂದ್ರು. ಸಿಟ್ಟು ಎಲ್ಲಿ ಹೋತೋ, ರಸ್ತೇದಾಗಽ ಕುಂತು ಅತ್ತೆ.

ದವಾಖಾನಿ ಅಡ್ಡ್ಯಾಡಿದ್ವಿ. ನರ ಸತ್ತೇತಿ ಅಂದ್ರು ಒಬ್ಬರು, ಎಣ್ಣಿ ತಿಕ್ಕ್ರಿ ಅಂದ್ರು ಮತ್ತೊಬ್ಬರು. ಎಣ್ಣಿ ತಿಕ್ಕಿದ್ದಽ ತಿಕ್ಕಿದ್ದು. ಸಾಲ್ಯಾಗ ಎಡಗೈಲೆ ಬೋರ್ಡಿನ ಮ್ಯಾಲ ಗೆರಿ ಎಳ್ಯಾಕ ಕಲತ್ರು, ಮನಿಗೆ ಬಂದು ನಿಂತ ಗಾಡಿ ನೋಡ್ಕೋತ ಕುಂಡ್ರತಿದ್ರು. ಕಡೀಕ ಗಾಡಿ ಮಾರೋದು ಅಂತ ಆತು.

ಬೈರಿದೇವರಕೊಪ್ಪದವರೊಬ್ಬರು ತಗೊಳ್ಳಾಕ ಬಂದ್ರು. ಒಂದು ಸುತ್ತು ಹೊಡಕೊಂಡು ಬಂದು ಖುಷಿ ಆದ್ರು. ನಮ್ಮ ಕಡೆ ಕೊಟ್ಟು ತಗೊಳ್ಳೋ ವ್ಯವಹಾರಕ್ಕ ಎಲಿ ಅಡಿಕಿ ಕೊಟ್ರನಽ ಮುಗಿದಂಗ. ನಮ್ಮವರು ತೆಂಗಿನಕಾಯಿ ಮ್ಯಾಲ ಎಲಿ ಅಡಿಕಿ ಇಟ್ಟು ಮುಂದ ಮಾಡಿದ್ರು, ಎಡಗೈಲೆ. ಬಂದವರು ಕೈ ಹಿಂದ ತಗೊಂಡ್ರು.

"ಎಡಗೈಲೆ ಬ್ಯಾಡ್ರಿ ಮಾಸ್ತರ್. ಶುಭ ಕೆಲಸ ಮಾಡಾಕತ್ತೇವಿ."

ನಮ್ಮವರ ಮಾರಿ ನೋಡಾಕ ಆಗಲಿಲ್ಲ ನನಗ. ಅಡಗಿಮನಿಯಿಂದ ದಡದಡ ಬಂದೆ. "ಏ, ನಮ್ಮನ್ಯಾಗ ಗಂಡ ಹೆಂಡತಿ ಕೂಡೇ ಕೊಡೋ ಪದ್ಧತಿ ಐತ್ರೀ! ನನ್ನ ಬಿಟ್ಟು ಹೆಂಗ ಕೊಡತೀರಿ?" ಅಂದೆ. ಎಲ್ಲೀ ಪದ್ಧತಿ, ಎಲ್ಲೀ ಮಾತು! ಆಗಿಂದಾಗ ಹುಟ್ಟಿಸಿದ್ದು. ಅವರ ಬಲಗೈ ಎತ್ತಿ ಕಾಯಿ ಕೆಳಗ ಇಟ್ಟೆ, ಅದರ ಕೆಳಗ ನನ್ನ ಬಲಗೈ ಇಟ್ಟೆ. ಬಂದವರು ನಕ್ಕು, "ಛಲೋ ಆತು ಬಿಡ್ರಿ, ಲಕ್ಷ್ಮೀನಽ ಕೊಟ್ಟಂಗಾತು" ಅಂತ ಎರಡೂ ಕೈಲೆ ತಗೊಂಡ್ರು.

ಕಾಯಿ ಹೋದ ಮ್ಯಾಲೂ ನಾ ಕೈ ಬಿಡಲಿಲ್ಲ. ನಾ ಅದೇನಿ ಅಂತ ತಿಳೀಲಿ ಅಂತ ನಮ್ಮವರ ಬೆರಳು ಗಟ್ಟಿ ಒತ್ತಿದೆ. ಇನ್ನೂ ಗಟ್ಟಿ ಒತ್ತಿದೆ. ಹೊಂಟ ಗಾಡೀನ ನೋಡ್ಕೋತ ಅವರು ನಿಂತಿದ್ರು. ಅವರಿಗೆ ಗೊತ್ತಽ ಆಗಲಿಲ್ಲ.