ಕೆಂಚೆಂಡಿನ ಬೀಜದ ಗಂಟು

ಸಿಂಧಘಟ್ಟದ ಚಿಕ್ಕಬೋರಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು ಎರಡೇ ವಸ್ತು: ಒಂದು ಹಿತ್ತಾಳೆಯ ಚೊಂಬು, ಒಂದು ಬೀಜದ ಗಂಟು. ಚೊಂಬು ಎಂದೋ ತೂತು ಬಿದ್ದು ಮೂಲೆ ಸೇರಿತು. ಗಂಟಿನೊಳಗಿನ ಚೆಂಡುಹೂವಿನ ಬೀಜ ಮಾತ್ರ ನಲವತ್ತೆರಡು ವರ್ಷ ಅವಳ ಹಿತ್ತಲಿನಲ್ಲಿ ಹುಟ್ಟಿ, ಅರಳಿ, ಒಣಗಿ, ಮತ್ತೆ ಗಂಟಾಗುತ್ತ ಬಂದಿತ್ತು.

ಅದು ಪೇಟೆಯ ಚೆಂಡುಹೂವಿನಂತೆ ಮುಷ್ಟಿಗಾತ್ರದ್ದಲ್ಲ. ರೂಪಾಯಿಯ ಬಿಲ್ಲೆಗಿಂತ ಕೊಂಚ ದೊಡ್ಡದು. ಚೆನ್ನಾಗಿ ಬೆಂದ ಇಟ್ಟಿಗೆಯ ಬಣ್ಣ, ಎಸಳಿನ ಅಂಚಿಗೆ ಒಂದೆಳೆ ಹಳದಿ. ಬೆಳಿಗ್ಗೆ ಮುಟ್ಟಿದರೆ ಸಂಜೆಯವರೆಗೂ ಬೆರಳಿನಲ್ಲಿ ಅದರ ಘಮ ಉಳಿಯುತ್ತಿತ್ತು. ಅವಳ ತವರಾದ ನಾಗಮಂಗಲದ ಕಡೆ ಅದನ್ನು ಕೆಂಚೆಂಡು ಎನ್ನುತ್ತಿದ್ದರು. ಈಗ ಅಲ್ಲಿ ಆ ಹೂವೂ ಇಲ್ಲ, ಹಾಗೆನ್ನುವವರೂ ಇಲ್ಲ.

ಸಾಲಿನಲ್ಲಿ ಮೊದಲು ಅರಳಿದ ಹೂವನ್ನು ಯಾರೂ ಕೀಳುವಂತಿರಲಿಲ್ಲ, ದೇವರಿಗೂ ಅದು ಸಲ್ಲುತ್ತಿರಲಿಲ್ಲ. ಚಿಕ್ಕಬೋರಮ್ಮ ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿ ಬೀಜಕ್ಕೆಂದು ಬಿಡುತ್ತಿದ್ದಳು. ಮಗ ಲೋಕೇಶ ಚಿಕ್ಕವನಿದ್ದಾಗ ಒಮ್ಮೆ ಆ ಹೂವನ್ನು ಕಿತ್ತು ಎತ್ತಿನ ಕೊಂಬಿಗೆ ಸಿಕ್ಕಿಸಿದ್ದ. ಎಂದೂ ಕೈ ಎತ್ತದ ತಾಯಿ ಅಂದು ಅವನಿಗೆ ಹೊಡೆದಿದ್ದಳು.

ಗಿಡದಲ್ಲೇ ಒಣಗಿದ ಹೂವನ್ನು ಉಜ್ಜಿ, ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಒಲೆಯ ನೇರಕ್ಕೆ ಸೂರಿನ ಕೊಕ್ಕೆಗೆ ನೇತುಹಾಕುವುದು ಅವಳ ತಾಯಿ ಕಲಿಸಿದ ಕ್ರಮ. ಹೊಗೆ ಕುಡಿದು ಬಟ್ಟೆ ಕಪ್ಪಾಗುತ್ತಿತ್ತು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಹೊಸ ಬೀಜ ಬಂದ ಮೇಲೆ ಹಳೆಯದು ಉಳಿದಿದ್ದರೆ, ಯಾರ ಕಾಲಿಗೂ ಸಿಗದಿರಲೆಂದು ನಾಲೆಯ ನೀರಿಗೆ ಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಲೋಕೇಶ ಅಡುಗೆಮನೆಯನ್ನು ಹೊಸದು ಮಾಡಿಸಿದ. ಸೌದೆ ಒಲೆ ಹೋಗಿ ಅದೇ ಜಾಗದಲ್ಲಿ ಕಲ್ಲಿನ ಕಟ್ಟೆಯೂ ಗ್ಯಾಸಿನ ಒಲೆಯೂ ಬಂದವು. ಸೂರಿನ ಆ ಕೊಕ್ಕೆಯನ್ನು ಮಾತ್ರ ಕೀಳಲು ಚಿಕ್ಕಬೋರಮ್ಮ ಬಿಡಲಿಲ್ಲ. ಗಂಟು ಮೊದಲಿನ ಹಾಗೆಯೇ ಅಲ್ಲಿ ತೂಗಿತು.

"ಅತ್ತೆ, ಕುಕ್ಕರ್ ಆವಿ ನೇರ ಅದುಕ್ಕೇ ಒಡೀತದೆ. ರೂಮಲ್ಲಿ ಇಡಾನ?" ಎಂದಿದ್ದಳು ಸೊಸೆ ಅರ್ಪಿತ.

"ನೀ ಉಟ್ಟಕ್ಕೆ ಮುಂಚಿಂದ್ಲೂ ಅದು ಒಲೆ ಮ್ಯಾಲೇ ಇರಾದು. ಸುಮ್ಕಿರವ್ವ."

ಹೋದ ವರ್ಷ ಬಿತ್ತಿದ ಬೀಜದಲ್ಲಿ ಅರ್ಧ ಹುಟ್ಟಲಿಲ್ಲ. ಚಿಕ್ಕಬೋರಮ್ಮ ಗುಬ್ಬಿಗಳನ್ನು ಬೈದಳು.

ಈ ವರ್ಷ ಆಷಾಢದ ಹದ ನೋಡಿ ಹಿತ್ತಲಿನಲ್ಲಿ ಮಡಿ ಮಾಡಿ, ಗಂಟನ್ನೆಲ್ಲ ಬಿತ್ತಿದಳು. ನಾಲ್ಕೈದು ದಿನಕ್ಕೆ ಮೂಡಬೇಕಾದ ಮೊಳಕೆ ಹತ್ತು ದಿನವಾದರೂ ಮೂಡಲಿಲ್ಲ. ಹನ್ನೊಂದನೆಯ ದಿನ ಮಣ್ಣು ಕೆದಕಿದಳು. ಬೀಜ ಮೆತ್ತಗಾಗಿ ಬೆರಳಿನಲ್ಲೇ ಕರಗಿತು. ಒಳಗೆ ಹೋಗಿ ಬಿಚ್ಚಿಟ್ಟಿದ್ದ ಬಟ್ಟೆಯನ್ನು ನೋಡಿದಳು. ಬೂದಿ ಹಿಟ್ಟಿನಂತೆ ಉದುರಿರಲಿಲ್ಲ. ಉಂಡೆಗಟ್ಟಿತ್ತು, ಅದರ ಮೇಲೆ ಬಿಳಿಯ ಬೂಷ್ಟು. ಆ ಹೊತ್ತಿಗೆ ಸರಿಯಾಗಿ ಕುಕ್ಕರು ಕೂಗಿತು. ಅವಳು ಕತ್ತೆತ್ತಿ ಆವಿ ಏರುವುದನ್ನೂ, ಬರಿಯ ಕೊಕ್ಕೆಯಿಂದ ಒಂದು ಹನಿ ತೊಟ್ಟಿಕ್ಕುವುದನ್ನೂ ನೋಡುತ್ತ ನಿಂತಳು. ಅರ್ಪಿತ ಬಂದು ಒಲೆ ಆರಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಲೋಕೇಶ ಸಮಾಧಾನ ಹೇಳಲು ನೋಡಿದ. "ಪ್ಯಾಟೇಲಿ ಪಾಕೀಟು ಬೀಜ ಸಿಕ್ತದೆ ಕಣವ್ವ. ಒಂದೊಂದು ಹೂವು ಬಟ್ಲಷ್ಟು ಆಯ್ತದೆ."

"ಬಟ್ಲ ತಲೇಗೆ ಮುಡ್ಕಂಡು ತಿರುಗ್ಲೇನ್ಲಾ?" ಎಂದು ಅವಳು ಎದ್ದು ಕೈ ತೊಳೆದಳು.

ಒಂದು ದಾರಿ ಉಳಿದಿತ್ತು. ಹಿಂದೆ ಸಿಂಧಘಟ್ಟದ ಶಾಲೆಯಲ್ಲಿದ್ದ ಜಯರಾಮಯ್ಯ ಮೇಷ್ಟರ ಸಂಸಾರ ಇವರ ಎದುರುಮನೆಯಲ್ಲಿ ಬಾಡಿಗೆಗಿತ್ತು. ಈಗ ಅವರು ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿದ್ದಾರೆ. ಅವರ ಹೆಂಡತಿ ಭಾಗೀರಥಮ್ಮನವರಿಗೆ ಒಮ್ಮೆ ಕೆಂಚೆಂಡಿನ ಬೀಜ ಕೊಟ್ಟದ್ದುಂಟು. ಶ್ರಾವಣದ ಮೊದಲ ವಾರ ಚಿಕ್ಕಬೋರಮ್ಮ ಕೆ.ಆರ್. ಪೇಟೆಗೆ ಬಂದು, ಅಲ್ಲಿಂದ ಪಾಂಡವಪುರದ ಮೇಲೆ ಹಾಯುವ ಬಸ್ಸು ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿದಳು.

ಮೇಷ್ಟರ ಮನೆಯ ಮುಂದೆ ನಿಂತಾಗಲೇ ಅರ್ಧ ತಿಳಿಯಿತು. ತುಳಸಿಯ ಸುತ್ತ ಗಿಡವಿದ್ದ ನೆಲಕ್ಕೆಲ್ಲ ಸಿಮೆಂಟು ಬಿದ್ದು, ಮೇಷ್ಟರ ಮಗ ವಿನಯ್‌ನ ಕಾರು ನಿಂತಿತ್ತು.

"ಪ್ರತಿ ದಸರೆಗೂ ನೀನೇ ಹೂ ಕಳಿಸ್ತೀಯಲ್ಲ ಬೋರಮ್ಮ, ನಿನ್ನ ಹತ್ತಿರ ಇದ್ದೇ ಇರುತ್ತೆ ಅಂತ ನಾನು ಬೀಜ ಎತ್ತಿಡೋದನ್ನೇ ಬಿಟ್ಟೆ ಕಣೆ," ಎಂದು ಭಾಗೀರಥಮ್ಮ ಕಣ್ಣೊರೆಸಿಕೊಂಡರು.

"ಅಳಬ್ಯಾಡಿ ಅಮ್ಮಾವ್ರೆ. ಬೇಯ್ಸಿದ್ದು ನಾನು, ನೀವಲ್ಲ."

ದೇವರಮನೆಯ ಬಾಗಿಲಿಗೆ ಹೋದ ದಸರೆಯ ತೋರಣ ಇನ್ನೂ ಇತ್ತು. ಅದನ್ನು ಮುಂದಿನ ದಸರೆಗೇ ಬಿಚ್ಚುವುದು ಆ ಮನೆಯ ರೂಢಿ. ಭಾಗೀರಥಮ್ಮನವರು ರೂಢಿ ಮುರಿದು ಬಿಚ್ಚಿಕೊಟ್ಟರು. ಕೆಂಚೆಂಡು ಸಾಲದೆ ಪೇಟೆಯ ಹೂವನ್ನೂ ಸೇರಿಸಿ ಪೋಣಿಸಿದ್ದ ತೋರಣವದು. ಒಣಗಿದ ಮೇಲೆ ಎರಡರದೂ ಒಂದೇ ಕಂದು ಬಣ್ಣ. ಚಿಕ್ಕಬೋರಮ್ಮ ಗಾತ್ರ ನೋಡಿ ಹದಿಮೂರನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಅರಳಿದ ದಿನವೇ ಕಿತ್ತ ಹೂವಿನಲ್ಲಿ ಬೀಜ ಬಲಿತಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಿತ್ತವಳೂ ಅವಳೇ.

ಬಿತ್ತಿದ ಹದಿಮೂರು ಹೂವಿನ ಬೀಜದಲ್ಲಿ ಹುಟ್ಟಿದ್ದು ಒಂದೇ ಗಿಡ. ಅದಕ್ಕೆ ಮುಳ್ಳಿನ ಬೇಲಿ ಕಟ್ಟಿದಳು, ಕೋಳಿಗಳನ್ನು ದಿನವಿಡೀ ಬುಟ್ಟಿಯಡಿ ಕವುಚಿದಳು. ಮೊಗ್ಗು ಕಂಡ ದಿನ, ಎಂದೂ ಇಲ್ಲದಂತೆ, ಅರಳುವ ಮೊದಲೇ ಕೆಂಪು ದಾರ ಕಟ್ಟಿದಳು.

"ಹೂ ಬುಟ್ಮೇಲಲ್ವಾ ಅತ್ತೆ ಕಟ್ಟೋದು?" ಎಂದಳು ಅರ್ಪಿತ.

"ಅಷ್ಟು ದಿನ ತಡ್ಯಕ್ಕಾಯ್ತಿಲ್ಲ ಕಣವ್ವ."

ಮೊಗ್ಗು ದಿನದಿನಕ್ಕೆ ಉಬ್ಬಿತು. ಬೇಕಾದ್ದಕ್ಕಿಂತ ಹೆಚ್ಚೇ ಉಬ್ಬಿತು. ಚಿಕ್ಕಬೋರಮ್ಮ ಅದನ್ನು ಕಂಡೂ ಕಾಣದವಳಂತಿದ್ದಳು.

ಆಯುಧಪೂಜೆಯ ಬೆಳಿಗ್ಗೆ ಅದು ಅರಳಿತು: ಅಗಲವಾಗಿ, ದುಂಡಗೆ, ನಿಂಬೆಹಣ್ಣಿನ ಹಳದಿ ಬಣ್ಣದಲ್ಲಿ. ಇಟ್ಟಿಗೆಯ ಕೆಂಪು ಒಂದೆಳೆಯೂ ಇರಲಿಲ್ಲ. ಅಂಗಳದಲ್ಲಿ ಲೋಕೇಶ ಟ್ರಾಕ್ಟರು ತೊಳೆದು ವಿಭೂತಿ ಬಳಿಯುತ್ತಿದ್ದ. ಅವಳು ಬೇಲಿಯ ಮುಳ್ಳು ಸರಿಸಿ, ದಾರ ಬಿಚ್ಚಿ, ಹೂವನ್ನು ಚಿವುಟಿ ತಂದಳು.

"ಲೋ ಲೋಕೇಸ, ತಕಳ್ಳಾ. ಟ್ರಾಕ್ಟರಿಗೆ ಸಿಗ್ಸು."

ಅವನು ಹಿಂದಕ್ಕೆ ಸರಿದ. "ಮೊದ್ಲ ಹೂವಲ್ವೇನವ್ವಾ? ದಾರ ಕಟ್ಟಿದ್ದೆಯಲ್ಲ!"

"ಕಟ್ಟಿದ್ದೆ ಬುಡು. ಇಡ್ಕ ಅಂದ್ರೆ ಇಡ್ಕ."

ಅವನು ಹೊಡೆತ ಬೀಳುವುದೇನೋ ಎಂಬಂತೆ ಕೈ ಚಾಚಿ ತೆಗೆದುಕೊಂಡು, ಟ್ರಾಕ್ಟರಿನ ಮೂತಿಗೆ ಸಿಕ್ಕಿಸಿದ. ಚಿಕ್ಕಬೋರಮ್ಮ ಹಿತ್ತಲಿಗೆ ಹೋಗಿ, ಕೋಳಿಗಳ ಬುಟ್ಟಿಯನ್ನು ಎತ್ತಿಬಿಟ್ಟಳು. ಆಮೇಲೆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಬರಿಯ ಸೊಪ್ಪಿನ ವಾಸನೆ.