ಪೆಟ್ಟಿಗೆ ಮಾತಾಡಬಾರದು

ಬೆಳಗ್ಗೆ ಅಂಗಡಿಯ ಬೀಗ ತೆಗೆದ ಕೂಡಲೇ ಪೆಟ್ಟಿಗೆಯಕ್ಕ ದೀಪ ಹಾಕುವುದಿಲ್ಲ. ಅರೆಗತ್ತಲಲ್ಲೇ ಕೆಲಸದ ಮೇಜಿನ ಹತ್ತಿರ ಹೋಗಿ, ಆ ತುದಿಯಿಂದ ಈ ತುದಿಯವರೆಗೆ ಬರಿ ಅಂಗೈಯಿಂದ ಸವರುತ್ತಾಳೆ. ಸಿಬಿರು, ಮೊಳೆಯ ಚೂರು, ಮುರಿದ ಪಿನ್ನು ಕಣ್ಣಿಗೆ ಮೋಸ ಮಾಡಬಹುದು, ಅಂಗೈಗೆ ಮೋಸ ಮಾಡಲಾರವು. ಸವರುತ್ತ ತುಟಿಯೊಳಗೇ ಒಂದು ಮಾತು ಹೇಳಿಕೊಳ್ಳುತ್ತಾಳೆ: "ದೇವರೇ, ಇವತ್ತು ನನ್ನ ಕೈಗಿಂತ ಒಂದು ಗೇಣು ಮುಂದೆ ನಿನ್ನ ಕೈ ಇರಲಿ." ಅಷ್ಟಾದ ಮೇಲೆ ದೀಪ, ಕಿಟಕಿ, ಕಸಬರಿಗೆ. ಜ್ವರ ಬಂದ ದಿನವೂ, ಮಗಳ ಹೆರಿಗೆ ನೋಡಿಕೊಂಡು ಆಸ್ಪತ್ರೆಯಿಂದ ನೇರವಾಗಿ ಬಂದ ದಿನವೂ ಇದು ತಪ್ಪಿದ್ದಿಲ್ಲ.

ಸಂಗೀತಕ್ಕೂ ಅವಳಿಗೂ ಮೊದಲು ಯಾವ ನಂಟೂ ಇರಲಿಲ್ಲ. ಮದುವೆಗೆ ಮುಂಚೆ ಮೊಟ್ಟೆ ಮಂಡಿಯಲ್ಲಿ ಮೊಟ್ಟೆ ಜೋಡಿಸುತ್ತಿದ್ದಳು. ಮೊಟ್ಟೆ ಒಡೆಯುವುದು ನೆಲಕ್ಕೆ ಬಿದ್ದಾಗ ಮಾತ್ರವಲ್ಲ, ಪಕ್ಕದ ಮೊಟ್ಟೆಗೆ ತಗುಲಿದಾಗಲೂ ಎಂಬ ಪಾಠ ಅಲ್ಲಿ ಸಿಕ್ಕಿದ್ದು. ಗಂಡ ಹಣ್ಣಿನ ಪೆಟ್ಟಿಗೆ ಮಾಡುವ ಬಡಗಿ. ಅವನು ತೀರಿಕೊಂಡ ಮೇಲೆ ಅಂಗಡಿಯಲ್ಲಿ ಉಳಿದವರು ಅವಳು ಮತ್ತು ಮೈದುನ. ಒಂದು ದಿನ ಎದುರು ಮನೆಯವರು ಹಳೆಯ ಅಕಾರ್ಡಿಯನ್ ತಂದು, ಇದನ್ನು ತಂಗಿಯ ಊರಿಗೆ ಕಳಿಸಬೇಕು, ಹೇಗೆ ಕಟ್ಟುವುದು ಎಂದು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಅವಳು ಮರುಪ್ರಶ್ನೆ ಕೇಳಿದಳು: "ಇದಕ್ಕೆ ಎಲ್ಲೆಲ್ಲಿ ನೋವಾಗುತ್ತೆ ಹೇಳಿ."

ಎದುರು ಮನೆಯವರು ನಗಲಿಲ್ಲ. ಕೂತು ಅರ್ಧ ಗಂಟೆ ಹೇಳಿದರು. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಅಂದಿನಿಂದ ಗಿಟಾರ್ ಬಂದರೂ, ಡ್ರಮ್ ಬಂದರೂ, ಹಿತ್ತಾಳೆಯ ಕಹಳೆ ಬಂದರೂ ಮೊದಲ ಪ್ರಶ್ನೆ ಅದೇ. ಹನ್ನೊಂದು ವರ್ಷಗಳಲ್ಲಿ ಹೀಗೆ ಕೇಳಿ ಕೇಳಿಯೇ ವಿದ್ಯೆ ಕೂಡಿತು.

ಆ ಬುಧವಾರ ಅಂಗಡಿಗೆ ಬಂದದ್ದು ಚೆಲ್ಲೊ. ಪಿಟೀಲಿಗೆ ದೊಡ್ಡಪ್ಪ ಎನ್ನಬಹುದಾದ, ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸುವ ವಾದ್ಯ. ತಂದವಳು ಇಪ್ಪತ್ತೆರಡರ ಹುಡುಗಿ. ಸಾವಿರಾರು ಮೈಲಿ ದೂರದಲ್ಲಿ ನಡೆಯುವ ಸ್ಪರ್ಧೆಯ ಕೊನೆಯ ಸುತ್ತಿಗೆ ಆಯ್ಕೆಯಾಗಿದ್ದಳು. ಸುತ್ತು ಶನಿವಾರ. ಪ್ರಯಾಣಿಕರ ವಿಮಾನದಲ್ಲಿ ಚೆಲ್ಲೊಗೆ ಜಾಗ ಕೊಡಲಿಲ್ಲ, ಸರಕಿನ ವಿಮಾನದಲ್ಲಿ ಕಳಿಸಬೇಕು. ಸರಕಿನ ಕಚೇರಿಯವರು ಪೆಟ್ಟಿಗೆ ತೆಗೆದುಕೊಳ್ಳುವುದು ಇವತ್ತು ಐದು ಗಂಟೆಯವರೆಗೆ. ತಪ್ಪಿದರೆ ಮುಂದಿನ ವಿಮಾನ ಮಂಗಳವಾರ.

"ಮಂಗಳವಾರ ಹೋದ್ರೆ ಚಪ್ಪಾಳೆ ಕಸ ಗುಡಿಸೋಕೆ ಹೋಗ್ಬೇಕು ಅಷ್ಟೆ," ಎಂದಳು ಹುಡುಗಿ. ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು. "ಬೇರೆಯವರದ್ದು ತಗೊಂಡು ನುಡಿಸಬಹುದು ಅಕ್ಕಾ, ಆದ್ರೆ ಅದು ನನ್ನ ಮಾತು ಕೇಳಲ್ಲ. ಇದು ಹನ್ನೆರಡು ವರ್ಷದಿಂದ ನನ್ನ ಜೊತೆ ಜಗಳ ಆಡಿ ಆಡಿ ಪಳಗಿರೋದು."

"ಸರಿ, ಹೇಳು ಮಗಳೇ. ಇದಕ್ಕೆ ಎಲ್ಲೆಲ್ಲಿ ನೋವಾಗುತ್ತೆ?"

ಹುಡುಗಿ ತೋರಿಸುತ್ತ ಹೋದಳು. ಕತ್ತು ತೆಳು. ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಗೆ ಅಂಟಿಲ್ಲ, ಬರೀ ತಂತಿಯ ಬಿಗಿಗೆ ನಿಂತಿದೆ. ಹೊಟ್ಟೆಯೊಳಗೆ ಇನ್ನೊಂದಿದೆ, ಬೆರಳು ದಪ್ಪದ ಕಡ್ಡಿ, ಒಳಗಂಬ ಅಂತಾರೆ. ಅದಕ್ಕೂ ಅಂಟಿಲ್ಲ, ಮೊಳೆಯಿಲ್ಲ. ಮೇಲಿಂದ ತಂತಿ ಒತ್ತುತ್ತಿರುವಷ್ಟು ಕಾಲ ಮಾತ್ರ ನಿಂತಿರುತ್ತದೆ. ಅದು ಬಿದ್ದರೆ ವಾದ್ಯದ ದನಿಯೇ ಹೋದ ಹಾಗೆ.

"ಅದಕ್ಕೇ ತಂತಿ ಪೂರ್ತಿ ಬಿಡಬಾರದು ಅಕ್ಕಾ. ತಂತಿ ಬಿಗಿಯೋ ಬಿರಡೆ ಬರೀ ಕಾಲು ಸುತ್ತು ಇಳಿಸಿದ್ರೆ ಸಾಕು."

ಪೆಟ್ಟಿಗೆಯಕ್ಕ ತಾನೇ ನಾಲ್ಕು ಬಿರಡೆಗಳನ್ನೂ ಕಾಲು ಕಾಲು ಸುತ್ತು ಇಳಿಸಿದಳು. ಕುದುರೆಯ ಎರಡು ಕಡೆ ಮೆತ್ತನೆಯ ಬಟ್ಟೆ ಸುರುಳಿ ಮಾಡಿ ತುರುಕಿದಳು. ಕತ್ತಿನ ಕೆಳಗೆ ಫೋಮ್ ಕೊಟ್ಟಳು. ಅಷ್ಟರಲ್ಲಿ ಸರಕಿನ ಕಚೇರಿಯಿಂದ ಪೆಟ್ಟಿಗೆಯ ಅಳತೆ ಕೇಳಿ ಫೋನ್ ಬಂತು. ಒಳಗೆ ಸಿಗ್ನಲ್ ಸಿಗದೆ ಅವಳೂ ಹುಡುಗಿಯೂ ಬೀದಿಗೆ ಹೋದರು.

ಆಗಲೇ ಮೈದುನ ಪೆಟ್ಟಿಗೆಯ ಮುಚ್ಚಳಕ್ಕೆ ಪ್ಲೈವುಡ್ ಹಲಗೆ ಹೊತ್ತುಕೊಂಡು ಹಿಂಬಾಗಿಲಿನಿಂದ ಬಂದದ್ದು.

ಅವನ ಕಥೆಯನ್ನೂ ಇಲ್ಲಿ ಹೇಳಬೇಕು. ಮೂರು ಬೇಸಿಗೆಯ ಹಿಂದೆ ಅವನು ಒಂದು ಗಿಟಾರನ್ನು ತಂತಿ ಬಿಗಿಯಿದ್ದ ಹಾಗೇ ಕಟ್ಟಿ ಕಳಿಸಿದ್ದ. ಗೋದಾಮಿನ ಧಗೆಗೆ ತಂತಿ ಎಳೆದು ಅದರ ಎದೆಯ ಹಲಗೆಯೇ ಕಿತ್ತು ಬಂದಿತ್ತು. ಗಿಟಾರಿನವನು ಬೀದಿಯೆಲ್ಲ ಕೇಳುವ ಹಾಗೆ ಬೈದಿದ್ದ. ಅಂದಿನಿಂದ ಬಿಗಿಯಾದ ತಂತಿ ಕಂಡರೆ ಮೈದುನನಿಗೆ ಹಾವು ಕಂಡ ಹಾಗೆ. ಚೆಲ್ಲೊದ ತಂತಿ ಮುಟ್ಟಿ ನೋಡಿದ. ಇನ್ನೂ ಬಿಗಿ! ಅತ್ತಿಗೆ ಮರೆತಿದ್ದಾರೆ, ಗಿರಾಕಿಯ ಮುಂದೆ ಹೇಳಿ ಅವರ ಮರ್ಯಾದೆ ಯಾಕೆ ಕಳೆಯಬೇಕು ಎಂದುಕೊಂಡು ನಾಲ್ಕನ್ನೂ ಪೂರ್ತಿ ಸಡಿಲಿಸಿ, ಚೆಲ್ಲೊ ಮಲಗಿದ್ದ ಕೇಸಿನ ಮುಚ್ಚಳ ಹಾಕಿ, ಕೇಸನ್ನು ಪೆಟ್ಟಿಗೆಯೊಳಗೆ ಇಳಿಸಿಬಿಟ್ಟ. ಅವನ ಮನಸ್ಸಿಗೆ ತಾನು ಮಾಡಿದ್ದು ಒಂದು ಗುಟ್ಟಿನ ಉಪಕಾರ.

ಹೆಂಗಸರಿಬ್ಬರೂ ಒಳಗೆ ಬಂದ ಮೇಲೆ ಮೂವರೂ ಸೇರಿ, ಕೇಸಿಗೂ ಪೆಟ್ಟಿಗೆಗೂ ನಡುವೆ ಸುತ್ತಲೂ ನಾಲ್ಕು ಬೆರಳು ಜಾಗ ಬಿಟ್ಟು, ಅಲ್ಲೆಲ್ಲ ಫೋಮ್ ತುಂಬಿದರು. ಹದಿನಾಲ್ಕು ಸ್ಕ್ರೂ ಬಿಗಿದರು. ಎರಡೂಕಾಲು ಗಂಟೆ. ಸರಕಿನ ಕಚೇರಿಗೆ ಒಯ್ಯುವ ವ್ಯಾನು ಬರುವುದು ಮೂರೂಮುಕ್ಕಾಲಿಗೆ.

"ಆಯ್ತಲ್ಲ ಅತ್ತಿಗೆ! ಟೀ ಕುಡಿಯೋಷ್ಟು ಟೈಮ್ ಉಳೀತು," ಎಂದು ಮೈದುನ ಕೈ ಒರೆಸಿಕೊಂಡ.

"ತಡಿ. ಇನ್ನೂ ನಾನು ಕೇಳಿಲ್ಲ."

ಅದು ಅವಳ ಕೊನೆಯ ಪರೀಕ್ಷೆ. ಚೆನ್ನಾಗಿ ಕಟ್ಟಿದ ಪೆಟ್ಟಿಗೆ ಮಾತಾಡಬಾರದು ಎನ್ನುವುದು ಅವಳ ಶಾಸ್ತ್ರ. ಹಲಗೆಗೆ ಕಿವಿ ಒತ್ತಿ, ಮೈದುನನ ಕೈಲಿ ಪೆಟ್ಟಿಗೆಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದಳು. ಸದ್ದಿಲ್ಲ. ಬಲಕ್ಕೆ ವಾಲಿಸಿದಳು.

ಟಕ್. ಆಮೇಲೆ, ಪೆನ್ಸಿಲ್ ಉರುಳಿದ ಹಾಗೆ, ಟುರ್ರ್.

"ಮಾತಾಡ್ತಿದೆ," ಎಂದಳು.

"ಸ್ಕ್ರೂ ಬಿದ್ದಿರ್ಬೇಕು ಅತ್ತಿಗೆ."

"ಸ್ಕ್ರೂ ಹೀಗೆ ಉರುಳಲ್ಲ. ಇದು ಮರ. ಟೊಳ್ಳಿನೊಳಗಿರೋ ಮರ."

ಹುಡುಗಿ "ಒಳಗಂಬ," ಎಂದವಳೇ ಡ್ರಿಲ್ ಮಿಷನ್ ಕೈಗೆತ್ತಿಕೊಂಡಳು. ಹದಿನಾಲ್ಕು ಸ್ಕ್ರೂ ಒಂದರ ಹಿಂದೊಂದು ಹೊರಗೆ ಬಂದವು. ಕೇಸು ತೆರೆದರೆ ತಂತಿಗಳು ಬಾಡಿದ ಬಳ್ಳಿಯ ಹಾಗೆ ಜೋತುಬಿದ್ದಿವೆ. ಕುದುರೆ ಬಟ್ಟೆಯ ಮೇಲೆ ಒರಗಿ ಮಲಗಿದೆ.

"ಯಾರು ಬಿಚ್ಚಿದ್ದು ಇದನ್ನ?" ಹುಡುಗಿ ಕೂಗಿದಳು.

ಮೈದುನ ಒಮ್ಮೆ ಚೆಲ್ಲೊ ನೋಡಿದ, ಒಮ್ಮೆ ಅತ್ತಿಗೆಯನ್ನು ನೋಡಿದ. "ನಾನೇ. ನೀವು ಮರೆತಿದ್ದೀರಿ ಅಂದ್ಕೊಂಡೆ ಅತ್ತಿಗೆ. ಆ ಗಿಟಾರಿನ ಥರ ಆಗ್ಬಾರ್ದು ಅಂತ…"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪೆಟ್ಟಿಗೆಯಕ್ಕನ ನಾಲಿಗೆಯ ತುದಿಗೆ ಆ ಮಾತು ಬಂದು ನಿಂತಿತು. ಗಡಿಯಾರ ನೋಡಿ ನುಂಗಿಕೊಂಡಳು.

"ಬೈಯೋಕೆ ಸಾಯಂಕಾಲ ಬೇಕಾದಷ್ಟು ಟೈಮ್ ಇರುತ್ತೆ. ಮಗಳೇ, ಆ ಕಡ್ಡೀನ ಮತ್ತೆ ನಿಲ್ಲಿಸೋರು ಯಾರು?"

"ರಿಪೇರಿ ತಾತ ಒಬ್ರೇ. ಪೋಸ್ಟಾಫೀಸ್ ಹಿಂದಿನ ಬೀದಿ, ಮೂರನೇ ಮಹಡಿ. ಆದ್ರೆ ಅವರಿಗೆ ಮಂಡಿ ನೋವು, ಕೆಳಗೆ ಇಳಿಯಲ್ಲ."

"ಅವರು ಇಳಿಯೋದು ಬೇಡ, ನಾವು ಹತ್ತೋಣ. ಏಯ್, ಎತ್ಕೋ ಬೆನ್ನ ಮೇಲೆ!"

ಆ ಮೆರವಣಿಗೆಯನ್ನು ಬೀದಿಯವರು ಇನ್ನೂ ಆಡಿಕೊಳ್ಳುತ್ತಾರೆ. ಮುಂದೆ "ದಾರಿ ಬಿಡಿ, ದಾರಿ ಬಿಡಿ" ಎಂದು ಕೈ ಬೀಸುತ್ತ ಹುಡುಗಿ. ನಡುವೆ ಆಳೆತ್ತರದ ಕೇಸನ್ನು ಬೆನ್ನಿಗೆ ಬಿಗಿದುಕೊಂಡು ಆಮೆಯ ಹಾಗೆ ಬಾಗಿದ ಮೈದುನ. ಹಿಂದೆ ಚೆಲ್ಲೊ ನುಡಿಸುವ ಕಮಾನನ್ನು ಎದೆಗವಚಿಕೊಂಡು, ಚಪ್ಪಲಿ ಕೈಲಿ ಹಿಡಿದು ಓಡುವ ಪೆಟ್ಟಿಗೆಯಕ್ಕ.

"ಏನಕ್ಕಾ, ಯಾರನ್ನ ಆಸ್ಪತ್ರೆಗೆ ಸಾಗಿಸ್ತಿದ್ದೀರಿ?" ಎಂದು ಸೈಕಲ್ ಅಂಗಡಿಯವನು ಕೂಗಿದ.

"ಪಿಟೀಲಿನ ದೊಡ್ಡಪ್ಪನ್ನ! ಪಕ್ಕೆಲುಬು ಜಾರಿದೆ!" ಎಂದು ಓಡುತ್ತಲೇ ಕೂಗಿದಳು. ಭಯದ ನಡುವೆಯೂ ಅವಳ ಮೈಯಲ್ಲಿ ಯಾವುದೋ ಹುರುಪು ಹೊಕ್ಕಿತ್ತು. ಐವತ್ತಾರರ ಕಾಲುಗಳು ಇಷ್ಟು ಓಡಬಲ್ಲವು ಎಂದು ಅವಳಿಗೇ ಗೊತ್ತಿರಲಿಲ್ಲ.

ಮೂರನೇ ಮಹಡಿಯಲ್ಲಿ ತಾತ ಕನ್ನಡಕ ಹಣೆಗೇರಿಸಿ, ಜೋತುಬಿದ್ದ ತಂತಿಗಳನ್ನು ಬೆರಳಿಂದ ಮೀಟಿದರು. "ಯಾರಪ್ಪಾ ಇದನ್ನ ಹೀಗೆ ಬಿಚ್ಚಿದ ಮಹಾನುಭಾವ?"

"ನಾನು ತಾತ," ಎಂದ ಮೈದುನ, ಏದುಸಿರು ಬಿಡುತ್ತ.

"ಏನು ಕೆಲಸ?"

"ಬಡಗಿ."

"ಅದಕ್ಕೇ. ಬಾಗಿಲು ಕೂರಿಸೋ ಕೈ. ಪಾಪ, ಕೂತ್ಕೋ, ನೀರು ಕುಡಿ. ಅಮ್ಮಾ, ನೀವು ಟಾರ್ಚ್ ಹಿಡೀರಿ."

ಚೆಲ್ಲೊವನ್ನು ವಾಲಿಸಿ ಅಲುಗಿಸಿದಾಗ ಒಳಗಂಬ, ಹೊಟ್ಟೆಯ ಮೇಲೆ ಕುದುರೆಯ ಎರಡೂ ಕಡೆ ಇರುವ ಉದ್ದ ಸೀಳುಗಳಲ್ಲಿ ಒಂದರಿಂದ ತಾನೇ ಜಾರಿ ಹೊರಬಂತು. ಇಷ್ಟುದ್ದದ ಬಿಳಿ ಕಡ್ಡಿ. ಇದಕ್ಕಾಗಿಯೇ ಇಷ್ಟು ರಾದ್ಧಾಂತವೇ ಎನ್ನಿಸುವಂಥದ್ದು. ತಾತ ಅದನ್ನು ಎರಡು ಕಡೆ ಬಾಗಿದ ಕಬ್ಬಿಣದ ಸಲಾಕೆಯ ಮೊನೆಗೆ ಚುಚ್ಚಿ, ಅದೇ ಸೀಳಿನೊಳಗೆ ತೂರಿಸಿದರು. ಇನ್ನೊಂದು ಕೈಯಲ್ಲಿ ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿ. ನಾಲಿಗೆ ತುಟಿಯ ಮೂಲೆಗೆ ಬಂತು. ಕಡ್ಡಿ ನಿಂತಿತು, ವಾಲಿತು, ಟಕ್ ಎಂದು ಬಿತ್ತು.

ಎರಡನೆಯ ಸಲವೂ ಬಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ಐವತ್ತು. ಹುಡುಗಿ ಕಿಟಕಿಯ ಕಡೆ ತಿರುಗಿ ನಿಂತಳು.

ಪೆಟ್ಟಿಗೆಯಕ್ಕ ಅಷ್ಟು ಹೊತ್ತೂ ತಾತನ ಕೈಯನ್ನೇ ನೋಡುತ್ತಿದ್ದಳು. ಸಲಾಕೆ ಹೋಗುವ ಸೀಳಿನಿಂದಲೇ ಅವಳ ಬೆಳಕೂ ಹೋಗುತ್ತಿತ್ತು. ಹಾಗಾಗಿ ಸಲಾಕೆಯ ನೆರಳು ಕಡ್ಡಿ ಊರಬೇಕಾದ ಜಾಗದ ಮೇಲೇ ಬೀಳುತ್ತಿತ್ತು. "ತಾತ, ತಪ್ಪು ತಿಳ್ಕೋಬೇಡಿ. ಬೆಳಕು ಆ ಕಡೆ ಸೀಳಿನಿಂದ ಬಿಡ್ಲಾ?"

ತಾತ ಕನ್ನಡಕದ ಮೇಲಿಂದ ನೋಡಿದರು. "ನಲವತ್ತು ವರ್ಷ ನನ್ನ ಹೆಂಡತಿ ಹಿಡೀತಿದ್ಲು ಟಾರ್ಚು. ಅವಳು ಯಾವ ಕಡೆಯಿಂದ ಹಿಡೀತಿದ್ಲು ಅಂತ ನಾನು ನೋಡೇ ಇರ್ಲಿಲ್ಲ, ನೋಡಿ. ಬಿಡೀ, ಬಿಡೀ."

ಬೆಳಕು ಆಚೆಯಿಂದ ಬಂತು. ತಾತ ಸಲಾಕೆಯನ್ನು ಮತ್ತೆ ಒಳಗೆ ತೂರಿಸಿದರು. ಪೆಟ್ಟಿಗೆಯಕ್ಕ ಮನಸ್ಸಿನಲ್ಲೇ ದೇವರನ್ನು ನೆನೆದಳು, ಟಾರ್ಚ್ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಸಲಾಕೆ ಮೆಲ್ಲಗೆ ಹೊರಬಂತು. ಕಡ್ಡಿ ಒಳಗೇ ಉಳಿಯಿತು.

"ನಿಂತ್ಕೊಂಡ ಕಣಮ್ಮಾ!" ಎಂದು ತಾತ ತೊಡೆ ತಟ್ಟಿದರು. ಕುದುರೆ ನಿಲ್ಲಿಸಿ, ತಂತಿ ಏರಿಸಿ, ಹುಡುಗಿಗೆ ಕಮಾನು ಕೊಟ್ಟರು. ಅವಳು ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಒಂದೇ ಒಂದು ಉದ್ದ ಎಳೆತ ಎಳೆದಳು. ಆ ದನಿ ನೆಲದ ಹಲಗೆಯಿಂದ ಪೆಟ್ಟಿಗೆಯಕ್ಕನ ಬರಿಗಾಲಿಗೆ ಹತ್ತಿ, ಮೊಣಕಾಲು ದಾಟಿ, ಎದೆಗೆ ಬಂತು. ಹನ್ನೊಂದು ವರ್ಷದಲ್ಲಿ ತಾನು ಕಟ್ಟುವ ವಾದ್ಯವನ್ನು ಯಾರಾದರೂ ನುಡಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಎಲ್ಲರೂ ವಾದ್ಯ ತಂದು ಇಟ್ಟು ಹೋಗುತ್ತಿದ್ದರು, ಅಷ್ಟೆ. ಅವಳು "ಇಷ್ಟು ದೊಡ್ಡ ದನಿ ಮಲಗಿಸ್ಕೊಂಡಿತ್ತಾ ಇದು?" ಎಂದಳು.

"ಕಾಲು ಸುತ್ತು ಇಳಿಸಿ, ಸಾಕು," ಎಂದು ತಾತ ಮೈದುನನ ಕಡೆ ಬೆರಳು ತೋರಿಸಿದರು. "ನೀನಲ್ಲ. ನೀನು ಮುಟ್ಟಬೇಡ."

ಮತ್ತೆ ಓಟ. ಮೂರೂಕಾಲಿಗೆ ಅಂಗಡಿ. ಬಟ್ಟೆ ಸುರುಳಿ, ಕತ್ತಿನ ಫೋಮ್, ಕೇಸಿನ ಬೀಗ, ಗುಳ್ಳೆ ಪ್ಲಾಸ್ಟಿಕ್, ಸುತ್ತಲೂ ನಾಲ್ಕು ಬೆರಳು. ಮೈದುನ ಹದಿನಾಲ್ಕು ಸ್ಕ್ರೂಗಳನ್ನೂ ಎಂದೂ ಬಿಗಿಯದಷ್ಟು ಅಂದವಾಗಿ ಬಿಗಿದ. ಪೆಟ್ಟಿಗೆಯ ಮೇಲೆ ಬಾಣದ ಗುರುತು, ಗಾಜಿನ ಲೋಟದ ಗುರುತು ಬರೆದು ಆಯಿತು. ಅವಳು ಕಿವಿ ಒತ್ತಿದಳು. ಎಡಕ್ಕೆ. ಬಲಕ್ಕೆ. ಮುಂದಕ್ಕೆ. ಹಿಂದಕ್ಕೆ.

ಪೆಟ್ಟಿಗೆ ಮಾತಾಡಲಿಲ್ಲ.

ವ್ಯಾನಿನವನು ಬೀದಿಯ ತಿರುವಿನಿಂದಲೇ ಹಾರ್ನ್ ಒತ್ತುತ್ತ ಬಂದ. ಪೆಟ್ಟಿಗೆಯನ್ನು ನಿಲ್ಲಿಸಿ ಎರಡು ಪಟ್ಟಿ ಬಿಗಿದರು. ಕಾಗದಪತ್ರ ಹಿಡಿದು ಹುಡುಗಿ ಮುಂದಿನ ಸೀಟಿಗೆ ಹತ್ತಿದಳು. ಎಂಜಿನ್ ಶುರುವಾದ ಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪೆಟ್ಟಿಗೆಯಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಗುರುವಾರ ಪೆಟ್ಟಿಗೆ ಕೈಗೆ ಬಂದ ತಕ್ಷಣ ನಿಮಗೆ ವಿಡಿಯೋ ಫೋನ್ ಮಾಡ್ತೀನಿ. ನಿಮ್ಮ ಕಣ್ಣೆದುರಿಗೇ ಬಿಚ್ಚಿ, ಮೊದಲ ತಂತಿ ನಿಮಗೇ ನುಡಿಸ್ತೀನಿ. ಒಳಗಂಬ ನಿಂತಿದೆಯೋ ಇಲ್ವೋ ನೀವೇ ಕೇಳ್ಕೊಳ್ಳಿ. ಇಲ್ಲಾಂದ್ರೆ ನಿಮಗೆ ನಿದ್ದೆ ಬರಲ್ಲ, ನನಗೆ ಗೊತ್ತು."

ಮೈದುನನ ಮುಖ ಅರಳಿತು. "ಹೂಂ ಅನ್ನಿ ಅತ್ತಿಗೆ!"

ಪೆಟ್ಟಿಗೆಯಕ್ಕನ ಎದೆ ಹೂಂ ಎಂದೇ ಹೊಡೆದುಕೊಳ್ಳುತ್ತಿತ್ತು. ಆ ದನಿ ಇನ್ನೂ ಅಂಗಾಲಿನಲ್ಲಿ ಗುಂಯ್‌ಗುಡುತ್ತಿತ್ತು.

"ಬೇಡ ಮಗಳೇ," ಎಂದಳು. "ಬಂದ ತಕ್ಷಣ ಬಿಚ್ಚಲೇಬೇಡ. ವಿಮಾನದ ಹೊಟ್ಟೇಲಿ ಕೊರೆಯೋ ಚಳಿ ಇರುತ್ತೆ. ಅಲ್ಲಿಂದ ಬಂದ ಮರ ಒಂದೇ ಸಲ ಬೆಚ್ಚಗಿನ ಗಾಳಿ ಕಂಡ್ರೆ ಸೀಳಿ ಹೋಗುತ್ತೆ. ಒಂದು ಹಗಲು, ಒಂದು ರಾತ್ರಿ ಮುಚ್ಚಿದ ಹಾಗೇ ನಿನ್ನ ಕೋಣೇಲಿ ನಿಲ್ಲಿಸು."

"ಹಾಗಾದ್ರೆ ಶುಕ್ರವಾರ ಮಾಡ್ತೀನಿ."

"ಶುಕ್ರವಾರ ಅದನ್ನ ಬಿಚ್ಚೋಕೆ ಆಗೋದೇ ಸಂಜೆ. ಶನಿವಾರ ನಿನ್ನ ಸುತ್ತು. ನನಗೆ ಅಂತ ಒಂದು ನಿಮಿಷಾನೂ ಮುಂಚೆ ಬಿಚ್ಚಬಾರದು, ನನಗೆ ಅಂತ ಒಂದು ನಿಮಿಷಾನೂ ಫೋನ್ ಹಿಡೀಬಾರದು. ಆ ಹೊತ್ತೆಲ್ಲ ನಿನ್ನದು, ಅದರದು." ಅವಳು ಹುಡುಗಿಯ ಕೈಗಳನ್ನು ಬಿಡಿಸಿ ಕಿಟಕಿಯೊಳಗೆ ಇಟ್ಟಳು. "ನಡೀ ಡ್ರೈವರಪ್ಪಾ, ಐದು ಗಂಟೆ ಯಾರಿಗೂ ಕಾಯಲ್ಲ."