ಹುಳು ಏಳುವ ಮುನ್ನ ಓದಿದ ಕತೆ

"ಸಾರ್, ಹುಳ ಏಳೋ ಹೊತ್ತಾಯ್ತು. ನನ್ ಕತೆ ಒಸಿ ಮೊದ್ಲು ಓದ್ಬುಡ್ಲಾ?"

ರಾಮನಗರದ ನಮ್ಮ ಹಳೆಯ ಗ್ರಂಥಾಲಯದ ಕಥಾಗೋಷ್ಠಿಯಲ್ಲಿ ಕೊನೆಯ ಸಾಲಿನಿಂದ ಈ ದನಿ ಎದ್ದಾಗ, ಪಟ್ಟಿ ಹಿಡಿದಿದ್ದ ನಾನು ತಬ್ಬಿಬ್ಬಾದೆ. ಅಲ್ಲಿ ಸದಸ್ಯತ್ವದ ಸಂಖ್ಯೆಯ ಪ್ರಕಾರವೇ ಕತೆ ಓದುವುದು ರೂಢಿ. ದನಿ ಕೈಲಾಂಚ ಹಳ್ಳಿಯ ಜಯಮ್ಮನದು. ಹಿಂದಿನ ತಿಂಗಳು ಸೇರಿದವರು, ಹೆಸರು ಕೊನೆಗಿತ್ತು. ಅತಿಥಿಗಳ ಭಾಷಣವೇ ನಾಲ್ಕು ಗಂಟೆಯವರೆಗೆ ನಡೆದಿತ್ತು. ಜಯಮ್ಮನ ಮನೆಯಲ್ಲಿ ರೇಷ್ಮೆ ಹುಳುಗಳು ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಪೊರೆ ಬಿಡುವ ಕಾಲ, ಆ ಒಂದು ದಿನ ಅವು ಮೇಯುವುದಿಲ್ಲ. ಆ ಬಿಡುವಿನಲ್ಲಿ ಬಂದಿದ್ದ ಅವರು ಸಂಜೆ ಹುಳು ಪೊರೆ ಕಳಚಿ ಏಳುವಷ್ಟರಲ್ಲಿ ಮನೆ ಸೇರಿ ಸೊಪ್ಪು ಹಾಕಬೇಕಿತ್ತು.

ಮೊದಲು ಓದಬೇಕಿದ್ದ ಒಂದನೇ ನಂಬರಿನ ಸದಸ್ಯರು, ನಿವೃತ್ತ ಮೇಷ್ಟ್ರು, ತಮ್ಮ ಹಾಳೆ ಮಡಚಿದರು. "ಬಾರವ್ವ, ನನ್ ಕತೆ ಇವ್ರು ವರ್ಸಗಟ್ಲೆ ಕೇಳವ್ರೆ. ಇವತ್ತು ಒಸಿ ತಪ್ಪಿಸ್ಕೊಳ್ಲಿ!"

ಸಭೆಯೆಲ್ಲ ನಕ್ಕಿತು. ಜಯಮ್ಮ ನಿಂತೇ ಓದಿದರು. ಕತೆಯಲ್ಲಿನ ಅತ್ತೆ ಸೊಸೆಯ ಜಗಳಕ್ಕೆ ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. ಚಪ್ಪಾಳೆ ನಿಲ್ಲುವ ಮೊದಲೇ ಜಯಮ್ಮ ಬಸ್ಸಿಗೆ ಓಡಿದ್ದರು.

ಈಗ ಪಟ್ಟಿ ಬರೆಯುವಾಗ ನಾನು ಸಂಖ್ಯೆ ಕೇಳುವುದಿಲ್ಲ, ಯಾರು ಬೇಗ ಹೊರಡಬೇಕೆಂದು ಕೇಳುತ್ತೇನೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಇಬ್ಬರು ಈಚೆಗೆ ಕತೆ ಹಿಡಿದು ಬರತೊಡಗಿದ್ದಾರೆ.